ಇಳಿತದ ದಿನದ ಹಾಜರಿ

೮-೧-೨೦೦೭, ಸೋಮವಾರ

ಯಾರದು, ಇದನ್ನು ತೆರೆದು ಓದುತ್ತಿರುವುದು? ಮುಚ್ಚು. ಅಕ್ಕಿ ಡಬ್ಬಿಯ ಹಿಂದೆ ಇಟ್ಟದ್ದನ್ನು ಹುಡುಕಿ ತೆಗೆದಿದ್ದೀಯ ಎಂದರೆ ನಿನಗೆ ಬೇರೆ ಕೆಲಸ ಇಲ್ಲ ಎಂದೇ ಅರ್ಥ. ಅಂಗಳ ಗುಡಿಸಿ ಆಯಿತೇ? ಕೊಡ ತುಂಬಿತೇ? ದಿವ್ಯಶ್ರೀ, ನೀನಾದರೆ ಎರಡು ಪೆಟ್ಟು. ಗಂಗಿ, ನೀನಾದರೆ — ಅತ್ತೆ ಸೊಸೆಯ ಮೇಲೆ ಎಂತ ಬರೆದಿದ್ದಾಳೆ ಎಂದು ನೋಡುವ ಆಸೆಯೇ? ಒಂದಕ್ಷರ ಬರೆದಿಲ್ಲ. ಶುರು ಮಾಡಿದರೆ ಕಾಗದ ಸಾಲದು ಎಂದು ಬಿಟ್ಟಿದ್ದೇನೆ. ಇದ್ದಲ್ಲೇ ಇಡು.

ಹುಣ್ಣಿಮೆ ಕಳೆದು ಐದನೇ ದಿನ. ಎಂಟಕ್ಕೆಲ್ಲ ಹೊಳೆ ಇಳಿದಿತ್ತು. ನಾನು, ಮೊಮ್ಮಗಳು ದಿವ್ಯಶ್ರೀ, ಪಕ್ಕದ ಮನೆಯ ಮಾದಿ, ಅವಳ ಇಬ್ಬರು ಮಕ್ಕಳು — ಮೊಣಕಾಲುದ್ದ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿದೆವು. ಬೆರಳಿಗೆ ಚಿಪ್ಪು ತಾಗಿದರೆ ಸಾಕು, ಕಣ್ಣು ಬೇಡ. ದಿವ್ಯಶ್ರೀಯ ಬುಟ್ಟಿ ನನ್ನದಕ್ಕಿಂತ ಮೊದಲು ತುಂಬುತ್ತದೆ. ಒಂಬತ್ತು ವರ್ಷದ ಬೆನ್ನು, ಬಗ್ಗಿದರೆ ನೋಯುವುದಿಲ್ಲ. ಹನ್ನೊಂದಕ್ಕೆ ನೀರು ಏರಿತು. ಕಾಲು ತೊಳೆದು, ಯೂನಿಫಾರ್ಮ್ ಹಾಕಿಕೊಂಡು ಓಡಿದಳು. ಹನ್ನೊಂದೂವರೆಗೆ ಶಾಲೆಯ ಎರಡನೇ ಗಂಟೆ.

ಎರಡನೇ ಗಂಟೆ ನಮ್ಮ ಸಣ್ಣಗಜನಿ ಶಾಲೆಯಲ್ಲಿ ಮಾತ್ರ ಇರುವುದು. ಪ್ರಿಯಂವದಾ ಅಕ್ಕೋರು ಮಾಡಿದ್ದು. ಇಡೀ ಶಾಲೆಗೆ ಟೀಚರು ಅವರೊಬ್ಬರೇ. ಘಟ್ಟದ ಮೇಲಿನ ಅಡಿಕೆ ತೋಟದವರ ಮನೆಯ ಹುಡುಗಿ, ಕುಮಟೆಯಲ್ಲಿ ಬಾಡಿಗೆಗೆ ಇದ್ದಾರೆ. ನಾಲ್ಕು ವರ್ಷದ ಹಿಂದೆ ಬಂದಾಗ ಹೊಳೆಗೆ ಭರತಿ, ಇಳಿತ ಇರುತ್ತದೆ ಎನ್ನುವುದೂ ತಿಳಿದಿರಲಿಲ್ಲ. ಒಂದು ದಿನ ಶಾಲೆ ಖಾಲಿ ಎಂದು ಕೊಡೆ ಹಿಡಿದು ದಂಡೆಗೇ ಬಂದು ನಿಂತರು, ಮಕ್ಕಳನ್ನು ಕಳಿಸಿ ಎಂದು ಬೈದರು. ನಾನು ಕೆಸರಿನಿಂದಲೇ ತಿರುಗಿ ಬೈದೆ. ಬೈದು ಮುಗಿದ ಮೇಲೆ ಕೇಳಿದರು — ಈ ನೀರು ಯಾವ ದಿನ ಎಷ್ಟು ಹೊತ್ತಿಗೆ ಇಳಿಯುತ್ತದೆ, ಲೆಕ್ಕ ಉಂಟೇ? ಉಂಟು ಎಂದೆ. ಹುಣ್ಣಿಮೆ, ಅಮಾಸೆ ಕಳೆದು ಮೂರನೇ ದಿನದಿಂದ ಆರನೇ ದಿನದವರೆಗೆ ಬೆಳಗಿನ ಶಾಲೆ ನೀರಿನ ಪಾಲು. ಬೆರಳು ಮಡಚಿ ತೋರಿಸಿದೆ. ಅವತ್ತಿನಿಂದ ಶಾಲೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಕೆಂಪು ಸುತ್ತು. ಆ ದಿನ ಸಣ್ಣವರಿಗೆ ಬೆಳಿಗ್ಗೆ ಪಾಠ, ದೊಡ್ಡವರಿಗೆ ಹನ್ನೊಂದೂವರೆಯಿಂದ ಸಂಜೆ ಆರರವರೆಗೆ. ಆಮೇಲೆ ಅಕ್ಕೋರು ಬಸ್ಸಿಗೆ ಓಡುತ್ತಾರೆ. ಎರಡು ಸಲ ಬಸ್ಸು ತಪ್ಪಿ ನಮ್ಮ ಮನೆಯಲ್ಲೇ ಮಲಗಿದ್ದುಂಟು. ನಾವು ಮೀನು ತಿನ್ನುವವರು, ಅವರಿಗೆ ಅನ್ನಕ್ಕೆ ಮಜ್ಜಿಗೆ ಹುಡುಕಿ ಸಾಕಾಯಿತು.

ಬೆನ್ನು ಹಿಡಿದಿದೆ. ಇವತ್ತಿಗೆ ಸಾಕು.

೧೫-೧-೨೦೦೭

ಎಸ್.ಡಿ.ಎಂ.ಸಿ. ಸಭೆ. ಶಾಲೆ ನೋಡಿಕೊಳ್ಳುವ ಸಮಿತಿ. ನಾನೂ ಒಬ್ಬ ಮೆಂಬರು. ಮಗ ಗಣಪ ಬೋಟಿನ ಮೇಲೆ ಹೋದರೆ ಎಂಟು ದಿನ ಕಾಣುವುದಿಲ್ಲ. ಗಂಗಿ ತದಡಿ ಬಂದರಿನಲ್ಲಿ ಮೀನು ಆರಿಸುವ ಕೆಲಸಕ್ಕೆ ಹೋಗುತ್ತಾಳೆ. ಹಾಗಾಗಿ ಮನೆಯಿಂದ ನಾನು. ಓದಿದ್ದು ಮೂರನೇ ಇಯತ್ತೆ, ಅದೂ ಮುಂಬೈ ಸರಕಾರದ ಕಾಲದಲ್ಲಿ. ಮೊದಲ ಸಭೆಯಲ್ಲಿ ಹೆಬ್ಬೆಟ್ಟು ಮುಂದೆ ಮಾಡಿದೆ. ಅಕ್ಕೋರು ಇಂಕ್ ಪ್ಯಾಡಿನ ಮುಚ್ಚಳ ಹಾಕಿಬಿಟ್ಟರು. ನಿಮಗೆ ಬರುತ್ತದೆ, ಮರೆತಿದೆ ಅಷ್ಟೇ ಎಂದು ಈ ಡೈರಿ ಕೊಟ್ಟರು. ದಿನಕ್ಕೆ ನಾಲ್ಕು ಸಾಲು ಬರೆಯಲು ಹೇಳಿದರು. ಈಗ ನಲವತ್ತು ಸಾಲಾದರೂ ನಿಲ್ಲಿಸುವುದು ಕಷ್ಟ.

ಹೊಸ ಸುದ್ದಿ. ಈ ವರ್ಷ ಮಾಸ್ತರರನ್ನು ಅಳೆಯುತ್ತಾರಂತೆ. ಹೊರಗಿನವರು ಬಂದು ಮಕ್ಕಳಿಗೆ ಪರೀಕ್ಷೆ ಕೊಡುತ್ತಾರೆ. ತಾಲೂಕಿನ ಸಾಹೇಬರು ಹೇಳದೆ ಬಂದು ಹಾಜರಿ ಪುಸ್ತಕ, ಪಾಠದ ಟಿಪ್ಪಣಿ ನೋಡುತ್ತಾರೆ. ಊರಿನವರನ್ನೂ ಕೇಳುತ್ತಾರೆ. ಎಲ್ಲ ಕೂಡಿಸಿ ಅಕ್ಕೋರ ಮೇಲೆ ಒಂದು ವರದಿ. ಅದು ಅವರ ಸರ್ವಿಸ್ ಪುಸ್ತಕಕ್ಕೆ ಹೋಗುತ್ತದೆ, ಅಳಿಸಲು ಬರುವುದಿಲ್ಲ.

ಹಿಂದೆ ಇನ್ಸ್‌ಪೆಕ್ಟರ್ ಬಂದರೆ ನಾವು ಮಕ್ಕಳು ಹೆದರುತ್ತಿದ್ದೆವು. ಈಗ ಮಾಸ್ತರರ ಸರದಿ. ಹಾಗೆಂದು ನಗೆಯಾಡಿದೆ. ಅಕ್ಕೋರು ನಗಲಿಲ್ಲ. ಊರಿನವರನ್ನು ಕೇಳಿದರೆ ನಾನಿದ್ದೇನೆ ಎಂದೆ.

೨೩-೧-೨೦೦೭, ಮಂಗಳವಾರ. ಮಧ್ಯಾಹ್ನ ೩ ಗಂಟೆ

ಸಾಹೇಬರು ಬಂದು ಹೋದರು!

ಅಮಾಸೆಯ ಇಳಿತ. ಮೊದಲ ಬುಟ್ಟಿ ಮನೆಗೆ ಹಾಕಲು ಮೇಲೆ ಬಂದೆ, ಶಾಲೆಯ ಮುಂದೆ ಸ್ಕೂಟರ್ ಕಂಡಿತು. ಕಾಲು ತೊಳೆದು ಹೋದೆ. ನಾಗಪತಿ ಎಂದು ಹೆಸರು. ತಲೆ ನೆರೆತಿದೆ, ಕಾಲರಿನ ಹಿಂದೆ ಕರವಸ್ತ್ರ. ಬಯ್ಯುವ ಜಾತಿಯ ಮನುಷ್ಯ ಅಲ್ಲ. ಹಾಜರಿ ಪುಸ್ತಕ ತೊಡೆಯ ಮೇಲಿತ್ತು. ಪುಸ್ತಕದಲ್ಲಿ ಮೂವತ್ತನಾಲ್ಕು ಮಕ್ಕಳು ಹಾಜರು. ಕೋಣೆಯಲ್ಲಿ ಒಂಬತ್ತು.

ಮೂವತ್ತನಾಲ್ಕು ಬರೆಯುವುದು ಹೌದು. ಹತ್ತು ಗಂಟೆಗೆಲ್ಲ ಲೆಕ್ಕ ಕೊಡಬೇಕು, ಬಿಸಿಯೂಟದ ಅಕ್ಕಿ ಅಳೆಯಬೇಕು. ಹೇಗೂ ಮಕ್ಕಳು ಬಂದೇ ಬರುತ್ತಾರೆ. ಬಂದವರು ಉಣ್ಣುತ್ತಾರೆ. ನಾಲ್ಕು ವರ್ಷದಲ್ಲಿ ಒಂದು ಮುಷ್ಟಿ ಅಕ್ಕಿ ಅತ್ತಿತ್ತ ಆಗಿಲ್ಲ.

ಮಕ್ಕಳೆಲ್ಲಿ ಎಂದು ಕೇಳಿದರು. ಸ್ವಲ್ಪ ತಡವಾಗಿ ಬರುತ್ತಾರೆ ಎಂದರು ಅಕ್ಕೋರು. ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಮೆತ್ತಗೆ ಕೇಳಿದರು, "ಇವತ್ತೊಂದಿನ ಹೀಂಗಾದದ್ದಾ?"

ಅಕ್ಕೋರು ನೆಲ ನೋಡುತ್ತ ನಿಂತರು. ನನಗೆ ತಡೆಯಲಿಲ್ಲ. ಇಷ್ಟು ಮಾಡಿಯೂ ಬಾಯಿ ಇಲ್ಲದವರ ಹಾಗೆ ನಿಂತರೆ ಯಾರು ಹೇಳಬೇಕು? ಮುಂದೆ ಹೋಗಿ ಹೇಳಿದೆ, "ಇವತ್ತೊಂದಿನ ಅಲ್ಲ ಸಾಹೇಬ್ರೆ. ನಾಕು ವರ್ಷದಿಂದ ಹೀಂಗೇ. ಇಳಿತ ಇದ್ದ ದಿನ ಎಲ್ಲ ಹೀಂಗೇ ನಡಸ್ತ್ರು. ಒಂದು ಇಳಿತ ತಪ್ಪಿಸ್ಲಿಲ್ಲ."

ಅಕ್ಕೋರು ನನ್ನ ಕಡೆ ನೋಡಿದರು. ನಾಚಿಕೆಯ ಹುಡುಗಿ. ಹೊಗಳಿದರೆ ಸೇರುವುದಿಲ್ಲ.

ಸಾಹೇಬರು ಬಹಳ ಹೊತ್ತು ಬರೆದರು. ನೀವು ಯಾರು ಎಂದು ಕೇಳಿದರು. ಎಸ್.ಡಿ.ಎಂ.ಸಿ. ಮೆಂಬರು ಎಂದೆ. ಹಾಳೆ ನನ್ನ ಕಡೆ ತಿರುಗಿಸಿದರು, ಓದಿ ಸಹಿ ಮಾಡಿ ಎಂದರು. ಓದಲು ಕೂತರೆ ನನಗೆ ಸಂಜೆಯಾಗುತ್ತದೆ. ಅಷ್ಟು ದೊಡ್ಡವರು ನಿಂತು ಕಾಯುವುದು, ನಾನು ಬೆರಳಿಟ್ಟು ಅಕ್ಷರ ಕೂಡಿಸುವುದು... ಮರ್ಯಾದೆಯಲ್ಲ. ಓದಿದ ಹಾಗೆ ತಲೆ ಆಡಿಸಿ ಸಹಿ ಹಾಕಿದೆ. ಲಕ್ಕಿ ಕೋಂ ಕುಪ್ಪ ಅಂಬಿಗ. ಪೂರ್ತಿ ಹೆಸರು, ಒಂದೂ ಅಕ್ಷರ ಬಿಡದೆ.

ಹನ್ನೊಂದಕ್ಕೆ ಹೊರಟರು. ಇನ್ನೆರಡು ಶಾಲೆ ಇದೆಯಂತೆ. ಅರ್ಧ ಗಂಟೆ ಕೂತಿದ್ದರೆ ಮಕ್ಕಳು ಒದ್ದೆ ಕಾಲಿನಲ್ಲಿ ಓಡಿ ಬರುವುದನ್ನು ನೋಡಬಹುದಿತ್ತು.

೨೪-೧-೨೦೦೭

ಎರಡನೇ ಗಂಟೆ ಹೊಡೆಯಲಿಲ್ಲ. ಗಂಟೆ ಹೊಡೆಯುವ ಹುಡುಗನಿಗೆ ಜ್ವರ ಇರಬೇಕು.

೨೫-೧-೨೦೦೭

ಇವತ್ತೂ ಹೊಡೆಯಲಿಲ್ಲ.

೨೬-೧-೨೦೦೭

ಧ್ವಜ ಹಾರಿಸಿದರು. ಮಕ್ಕಳಿಗೆ ಲಾಡು. ಅಕ್ಕೋರು ಶಾಲೆಯ ಹಿಂದೆ ಮೊಬೈಲಿನಲ್ಲಿ ತಾಯಿಯ ಹತ್ತಿರ ಮಾತಾಡುತ್ತಿದ್ದರು. ಅವರ ಮನೆಮಾತು, ಅರ್ಧ ನನಗೂ ತಿಳಿಯುತ್ತದೆ. "ಎಂತೂ ಇಲ್ಲೆ ಆಯಿ, ಎಲ್ಲ ಆರಾಮ ಇದ್ದು. ಶನಿವಾರ ಬತ್ತೆ." ಆರಾಮ ಎನ್ನುವವರು ಹಾಗೆ ಗೋಡೆಗೆ ಹಣೆ ಒತ್ತಿಕೊಂಡು ನಿಲ್ಲುವುದಿಲ್ಲ.

೧-೨-೨೦೦೭, ಗುರುವಾರ. ಸಂಜೆ

ದಿವ್ಯಶ್ರೀ ಶಾಲೆಯಿಂದ ಕುಣಿಯುತ್ತ ಬಂದಳು. "ಅಜ್ಜಿ, ನಿನ್ನ ಹೆಸರು ಸರಕಾರದ ಕಾಗದದಲ್ಲಿ ಬಂದದೆ."

ಹಾಜರಿ ಪುಸ್ತಕ ತರಲು ಅಕ್ಕೋರು ಕಳಿಸಿದ್ದರಂತೆ. ಅದರೊಳಗೆ ಕಾಗದವಿತ್ತು. ಓದಲು ಬರುವ ಮಗು, ಓದದೆ ಬಿಡುತ್ತದೆಯೇ? ನಾಲ್ಕು ಸಾಲು ಬಾಯಿಪಾಠ ಮಾಡಿಕೊಂಡು ಬಂದಿದ್ದಾಳೆ. ನಿಂತು ಪದ್ಯದ ಹಾಗೆ ಒಪ್ಪಿಸಿದಳು. "ಎಸ್.ಡಿ.ಎಂ.ಸಿ. ಸದಸ್ಯೆ ಶ್ರೀಮತಿ ಲಕ್ಕಿ ಇವರ ಸಹಿ ಮಾಡಿದ ಹೇಳಿಕೆಯಂತೆ, ಸದರಿ ಶಿಕ್ಷಕಿಯು ನಾಲ್ಕು ವರ್ಷಗಳಿಂದ ನಿರಂತರವಾಗಿ ಸುಳ್ಳು ಹಾಜರಿ ನಮೂದಿಸುತ್ತ ಬಂದಿರುವುದು ದೃಢಪಟ್ಟಿದೆ. ಶಿಸ್ತುಕ್ರಮ ಏಕೆ ಕೈಗೊಳ್ಳಬಾರದು, ಏಳು ದಿನದಲ್ಲಿ ಕಾರಣ ಕೊಡತಕ್ಕದ್ದು."

ಇನ್ನೊಮ್ಮೆ ಹೇಳು ಎಂದೆ. ಹೇಳಿದಳು.

ಮೂರನೇ ಸಲ ಹೇಳಲು ಬಿಡಲಿಲ್ಲ.

೨-೨-೨೦೦೭

ರಾತ್ರಿಯಿಡೀ ಒಂದೇ ಮಾತು ತಲೆಯಲ್ಲಿ. ಇವತ್ತೊಂದಿನ ಹೀಂಗಾದದ್ದಾ... ಹೌದು ಎಂದು ಬಿಟ್ಟಿದ್ದರೆ ಒಂದು ದಿನದ ತಪ್ಪು. ಸಾಹೇಬರು ಆ ದಾರಿ ಇಟ್ಟೇ ಕೇಳಿದ್ದರು. ನಾನು ಓಡಿ ಹೋಗಿ ನಾಲ್ಕು ವರ್ಷ ಕಟ್ಟಿಕೊಟ್ಟೆ. ಮೇಲೆ ಸಹಿ.

ಶಾಲೆ ಬಿಟ್ಟ ಮೇಲೆ ಹೋದೆ. ಅಕ್ಕೋರು ಒಬ್ಬರೇ ಕೂತು ಬರೆಯುತ್ತಿದ್ದರು. ಕಾಗದದ ವಿಷಯ ನನಗೆ ಗೊತ್ತಾಯಿತು ಎಂದೆ. ಪೆನ್ನು ಕೆಳಗಿಟ್ಟರು. ನನಗೆ ಬೈಯಿರಿ ಎಂದೆ. ನೀವು ಬೈಯದಿದ್ದರೆ ನಾನು ಮನೆಗೆ ಹೋಗುವುದಿಲ್ಲ ಎಂದೆ.

"ಎಂತಕ್ಕೆ ಬೈಯ್ಲಿ ಲಕ್ಕಮ್ಮ? ನೀವು ಹೇಳಿದ್ದರಲ್ಲಿ ಸುಳ್ಳು ಯಾವ್ದಿತ್ತು?" ಎಂದರು. "ಸುಳ್ಳು ಬರೆದದ್ದು ನಾನು. ಬಾರದೆ ಇದ್ದ ಮಕ್ಕಳಿಗೆ ಹಾಜರಿ ಹಾಕ್ದೆ."

ಉತ್ತರದಲ್ಲಿ ಎಂತ ಬರೆದಿದ್ದೀರಿ, ಓದಿ ಎಂದೆ. ಓದಿದರು. ಮೂರೇ ಸಾಲು. ತಪ್ಪಾಗಿದೆ, ಇನ್ನು ಆಗದು, ಕ್ಷಮಿಸಬೇಕು. ಇಳಿತ ಇಲ್ಲ, ಬಳಚು ಇಲ್ಲ, ಸಂಜೆ ಆರರವರೆಗಿನ ಪಾಠ ಇಲ್ಲ, ನಾವು ಯಾರೂ ಇಲ್ಲ. ನಮ್ಮ ಹೆಸರು ಏಕೆ ಬರೆಯಲಿಲ್ಲ ಎಂದು ಜೋರು ಮಾಡಿದೆ. ಬರೆದರೆ ನಿಮ್ಮನ್ನು ಕರೆಸುತ್ತಾರೆ, ಮಕ್ಕಳನ್ನು ಕೆಲಸಕ್ಕೆ ಹಚ್ಚಿದ್ದೀರಿ ಎನ್ನುತ್ತಾರೆ, ಅದು ಇನ್ನೂ ದೊಡ್ಡದು ಎಂದರು.

ಇವರಿಗೆ ನನ್ನ ಕೊನೆಯ ಮಗಳ ವಯಸ್ಸು. ಇದ್ದಿದ್ದರೆ.

ಎಂತ ಮಾಡುತ್ತಾರೆ ಎಂದು ಕೇಳಿದೆ. ಇನ್‌ಕ್ರಿಮೆಂಟ್ ನಿಲ್ಲಿಸಬಹುದು. ಇಲ್ಲಿಂದ ತೆಗೆದು ಎಲ್ಲೋ ಹಾಕಬಹುದು. ಸಸ್ಪೆಂಡೂ ಆಗಬಹುದು. ಇವರು ಹೋದರೆ ಈ ಕೆಸರಿನ ದಾರಿ ನಡೆದು ಬರುವವರು ಯಾರಿದ್ದಾರೆ? ಮೊದಲು ಇದ್ದ ಮಾಸ್ತರು ವಾರಕ್ಕೆ ಎರಡು ದಿನ ಬರುತ್ತಿದ್ದರು. ದಿವ್ಯಶ್ರೀಯ ಅಪ್ಪ ಅವರ ಕೈಯಲ್ಲೇ ಏಳು ವರ್ಷ ಕಲಿತದ್ದು. ಇವತ್ತಿಗೂ ಬಸ್ಸಿನ ಬೋರ್ಡು ಓದಲು ಪಕ್ಕದವನನ್ನು ಕೇಳುತ್ತಾನೆ.

೫-೨-೨೦೦೭

ನಾಳೆ ಹೊರಗಿನವರ ಪರೀಕ್ಷೆ. ಹತ್ತು ಗಂಟೆಗೆ ಸರಿಯಾಗಿ. ನೋಡಿದರೆ ಹುಣ್ಣಿಮೆ ಕಳೆದು ನಾಲ್ಕನೇ ದಿನ. ಇಳಿತವೂ ಅದೇ ಹೊತ್ತಿಗೆ.

ಮನೆಮನೆಗೆ ಹೋದೆ. ಒಂದು ಮಗುವೂ ಹೊಳೆಗೆ ಇಳಿಯಕೂಡದು ಎಂದೆ. ಮಾದಿ ಬಾಗಿಲಲ್ಲೇ ನಿಂತು ಕೇಳಿದಳು, "ಒಂದಿನದ ಬಳಚು ಹೋದ್ರೆ ಎಂತ ಕೊಡ್ತೆ ಲಕ್ಕತ್ತೆ?"

"ಬೈಗಳ ಕೊಡ್ತೆ. ಬುಟ್ಟಿ ತಾ, ತುಂಬಿ ಕೊಡ್ತೆ."

ನಕ್ಕಳು. ಆತು ಎಂದಳು.

೬-೨-೨೦೦೭

ಮೂವತ್ತನಾಲ್ಕಕ್ಕೆ ಮೂವತ್ತನಾಲ್ಕು! ಒಂಬತ್ತೂವರೆಗೇ ಎಣ್ಣೆ ಹಚ್ಚಿ ಬಾಚಿಕೊಂಡು ಸಾಲಾಗಿ ಕೂತಿದ್ದರು. ಮಾದಿಯೂ ಹೋಗಲಿಲ್ಲ. ಹೊಳೆ ಇಳಿದು ಬಿದ್ದಿತ್ತು, ಬಗ್ಗಿದ ಒಂದು ಬೆನ್ನೂ ಇಲ್ಲ. ಕೊಕ್ಕರೆಗಳಿಗೆ ಹಬ್ಬ.

ಪರೀಕ್ಷೆಗೆ ಬಂದವನು ಬೇರೆ ತಾಲೂಕಿನ ಹುಡುಗು ಮಾಸ್ತರು. ಮಕ್ಕಳು ಪಟಪಟ ಓದಿದರಂತೆ. ಒಂದು ಪ್ರಶ್ನೆ ಹೀಗಿತ್ತಂತೆ — ನಿನ್ನ ಶಾಲೆ ಎಷ್ಟು ಗಂಟೆಗೆ ಶುರುವಾಗುತ್ತದೆ, ಗಡಿಯಾರದಲ್ಲಿ ಮುಳ್ಳು ಬಿಡಿಸು. ಎಂತ ಬಿಡಿಸಿದೆ ಎಂದು ಕೇಳಿದೆ. ದಿವ್ಯಶ್ರೀ ಹೇಳಿದಳು, "ಮೊದ್ಲು ಹನ್ನೊಂದೂವರೆ ಬಿಡಿಸ್ದೆ. ಅಕ್ಕೋರಿಗೆ ತೊಂದರೆ ಆಗ್ತದೆ ಅಂತ ಅಳಿಸಿ ಹತ್ತು ಮಾಡ್ದೆ."

ಅವಳ ತಟ್ಟೆಗೆ ಇನ್ನೊಂದು ತುಂಡು ಮೀನು ಹಾಕಿದೆ. ನನಗೆ ಉಣ್ಣಲು ಆಗಲಿಲ್ಲ. ಒಂಬತ್ತು ವರ್ಷದ ಮಗು ನಿಜ ಬರೆದು ಅಳಿಸಿದೆ.

೨೦-೨-೨೦೦೭, ಮಂಗಳವಾರ

ಹೊಳೆಯಿಂದ ಎದ್ದು, ಬಸ್ಸು ಹತ್ತಿ ತಾಲೂಕಿನ ಆಫೀಸಿಗೆ ಹೋದೆ. ಗಂಗಿ ಬೇಡ ಎಂದಳು. ಅವಳು ಬೇಡ ಎಂದ ಮೇಲೆ ಹೋಗಲೇಬೇಕಾಯಿತು.

ನಾಗಪತಿ ಸಾಹೇಬರ ಮೇಜಿನ ಮೇಲೆ ಫೈಲಿನ ಗುಡ್ಡ. ಗುರುತು ಹಿಡಿದರು, ಕುರ್ಚಿ ಕೊಟ್ಟರು, ಚಾ ತರಿಸಿದರು. ನನ್ನ ಮಾತು ವಾಪಸು ಕೊಡಿ ಎಂದೆ. ಸಹಿ ಮಾಡಿದ್ದು ವಾಪಸು ಬರುವುದಿಲ್ಲ ಎಂದರು. ಹಾಗಾದರೆ ಅದರ ಪಕ್ಕದಲ್ಲಿ ಇಷ್ಟು ಬರೆದುಕೊಳ್ಳಿ ಎಂದು ಎಲ್ಲ ಹೇಳಿದೆ. ಇಳಿತ, ಎರಡನೇ ಗಂಟೆ, ಸಂಜೆ ಆರು, ತಪ್ಪಿದ ಬಸ್ಸು. ಪೂರ್ತಿ ಕೇಳಿದರು. ಮಧ್ಯೆ ಒಂದು ಸಲವೂ ಗಡಿಯಾರ ನೋಡಲಿಲ್ಲ. ಆಮೇಲೆ ಅಚ್ಚು ಹಾಕಿದ ಫಾರಂ ತೆಗೆದು ತೋರಿಸಿದರು. ಸಮಯಕ್ಕೆ ಬರುತ್ತಾರೆಯೇ, ಟಿಪ್ಪಣಿ ಬರೆದಿದ್ದಾರೆಯೇ, ದಾಖಲೆ ಸರಿ ಇದೆಯೇ. ಹೌದು, ಇಲ್ಲ. ಹೌದು, ಇಲ್ಲ. ಹೊಳೆಗೆ ಕಾಲಂ ಇಲ್ಲ.

ನೀವು ಬಂದವರು ಹನ್ನೊಂದಕ್ಕೇ ಹೋದರೆ ಮಕ್ಕಳನ್ನು ಯಾರು ನೋಡಬೇಕು ಎಂದೆ. ತಿಂಗಳಿಗೆ ಇಷ್ಟು ಶಾಲೆ ನೋಡಲೇಬೇಕು, ಇಲ್ಲದಿದ್ದರೆ ತನ್ನ ಮೇಲೂ ವರದಿ ಹೋಗುತ್ತದೆ ಎಂದರು. ನಿವೃತ್ತಿಗೆ ಇನ್ನು ಒಂದೇ ವರ್ಷವಂತೆ. ಮೊಣಕಾಲು ನೋವು. ಸ್ಕೂಟರ್ ಒದ್ದು ಸ್ಟಾರ್ಟ್ ಮಾಡಲು ದಾರಿಯಲ್ಲಿ ಯಾರನ್ನಾದರೂ ಕರೆಯುತ್ತಾರಂತೆ. ಬೈಯಲೆಂದು ಹೋದವಳು, ಮೊಣಕಾಲಿಗೆ ಎಣ್ಣೆ ಹೇಳಿಕೊಟ್ಟೆ.

ಏಳುವಾಗ ಒಂದು ಮಾತು ಹೇಳಿದರು. ಅದನ್ನು ಬರೆದಿಡುತ್ತೇನೆ. ಬಸ್ಸಿನಲ್ಲಿ ಬರುವ ತನಕ ಅದೇ ಕುಕ್ಕುತ್ತಿತ್ತು.

"ಅಮ್ಮಾ, ಅವರು ಗೈರು ಅಂತ ಬರೆದಿದ್ರೆ ನಾವು ನಿಮ್ಮ ಮನೆಗೆ ಬಂದು ಮಗು ಎಲ್ಲಿ ಅಂತ ಕೇಳ್ಬೇಕಾಗಿತ್ತು. ಹಾಜರು ಅಂತ ಬರೆದ್ರು. ನಾಕು ವರ್ಷ ನಿಮ್ಮನ್ನ ಯಾರೂ ಕೇಳ್ಲಿಲ್ಲ."

ಸೆರಗು ಸರಿಮಾಡಿ ಬಾಗಿಲ ಕಡೆ ತಿರುಗಿದೆ.

ಹೇಳುವುದಿದ್ದರೆ ನಿಮ್ಮ ಕೈಯಲ್ಲೇ ಬರೆದು ಕೊಡಿ ಎಂದರು. ಮಾರ್ಚ್ ಮಧ್ಯಕ್ಕೆ ಫೈಲು ಜಿಲ್ಲೆಗೆ ಹೋಗುತ್ತದೆ. ಅದರೊಳಗೆ ಬಂದರೆ ಜೊತೆಗೆ ಹಚ್ಚಿ ಕಳಿಸುತ್ತೇನೆ, ಮುಚ್ಚಿಡುವುದಿಲ್ಲ ಎಂದರು. ನಂಬಿಕೆ ಬಂತು.

೨೨-೨-೨೦೦೭

ಅಕ್ಕೋರು ಈಗ ಹತ್ತಕ್ಕೆ ಇದ್ದವರನ್ನಷ್ಟೇ ಬರೆಯುತ್ತಾರೆ. ಮಂಗಳವಾರ ಹನ್ನೊಂದು ಮಕ್ಕಳು. ನಿನ್ನೆ ಎಂಟು. ಇವತ್ತು ಹತ್ತು. ಹೀಗೆ ಬರೆದರೆ ಹಾಜರಿ ಕಡಿಮೆ ಎಂದು ಅದಕ್ಕೊಂದು ಪ್ರಶ್ನೆ ಬರುತ್ತದಂತೆ. ಹಾಗೆ ಬರೆದರೂ ತಪ್ಪು, ಹೀಗೆ ಬರೆದರೂ ತಪ್ಪು. ಆದರೂ ಸಂಜೆ ಆರರವರೆಗಿನ ಪಾಠ ನಿಲ್ಲಿಸಿಲ್ಲ. ತಡವಾಗಿ ಬಂದವರಿಗೂ ಕಲಿಸುತ್ತಾರೆ. ಪುಸ್ತಕದಲ್ಲಿ ಇಲ್ಲದ ಮಕ್ಕಳಿಗೆ.

ಮೂರೂ ದಿನ ದಿವ್ಯಶ್ರೀ ಹೊಳೆಯಲ್ಲೇ ಇದ್ದಳು. ನನ್ನ ಜೊತೆ. ನಾಳೆಯಿಂದ ಬೇಡ ಎಂದು ನಿನ್ನೆಯೂ ಅಂದುಕೊಂಡಿದ್ದೆ. ಬೆಳಿಗ್ಗೆ ಬೆನ್ನು ಎತ್ತಲು ಬರಲಿಲ್ಲ, ಕರೆದೆ. ಬಂದಳು. ಇದಕ್ಕೆ ಯಾವ ಅಕ್ಕೋರು ಕಾರಣ?

೮-೩-೨೦೦೭, ಗುರುವಾರ

ಹದಿನಾಲ್ಕು ದಿನ ಏನೂ ಬರೆಯಲಿಲ್ಲ.

ಹೋಳಿ ಹುಣ್ಣಿಮೆಯ ಇಳಿತ. ನಾನೊಬ್ಬಳೇ ಇಳಿದೆ. ಬುಟ್ಟಿ ಅರ್ಧವಾಯಿತು, ಅಷ್ಟಕ್ಕೇ ಎದ್ದೆ. ಹತ್ತು ಗಂಟೆಯ ಹಾಜರಿಗೆ ದಿವ್ಯಶ್ರೀ ಬೆಂಚಿನಲ್ಲಿದ್ದಳು. ಗಂಗಿ ಬಂದರಿಗೆ ಹೋಗುವ ಮೊದಲು ಅನ್ನ ಬಸಿದಿಟ್ಟು, ಮಗುವಿನ ಜಡೆ ಹಾಕಿ ಹೋದಳು. ನಾನು ಹೇಳಿರಲಿಲ್ಲ.

ನಾನು ಬರೆದು ಕೊಡಲಿರುವ ಕಾಗದದ ವಿಷಯ ಮಾದಿಗೆ ಹೇಳಿದೆ. ಬುಟ್ಟಿ ಕೆಳಗಿಟ್ಟಳು. "ಮಕ್ಕಳು ಬಳಚು ಹೆಕ್ತ್ರು ಅಂತ ಕೈಯಾರೆ ಬರೀತ್ಯಾ? ನಾಳೆ ಪೋಲೀಸ್ರು ಬಂದ್ರೆ? ರೇಷನ್ ಕಾರ್ಡು ಕಿತ್ತರೆ? ಅಕ್ಕೋರು ಹೋದ್ರೆ ಇನ್ನೊಬ್ಬರು ಬತ್ರು, ನಾವು ಎಲ್ಲಿಗೆ ಹೋಪುದು?"

ಅವಳ ಹೆದರಿಕೆಯೂ ಸುಳ್ಳಲ್ಲ. ಗಂಡ ಇಲ್ಲದವಳು. ಎರಡು ಮಕ್ಕಳ ನಾಲ್ಕು ಕೈ ಸೇರಿಯೇ ಒಂದು ಹೊತ್ತಿನ ಒಲೆ.

"ನಿನ್ನ ಹೆಸರು ಬರೆಯುದಿಲ್ಲ ಮಾದಿ," ಎಂದೆ. "ನನ್ನ ಮನೆದು ಮಾತ್ರ."

ಬುಟ್ಟಿ ಎತ್ತಿಕೊಂಡು ಹೋದಳು.

ಅಕ್ಕೋರಿಗೂ ಹೇಳಿದೆ. ಬೇಡ ಲಕ್ಕಮ್ಮ, ನಿಮ್ಮನ್ನು ಸಮಿತಿಯಿಂದ ತೆಗೆಯಬಹುದು ಎಂದರು. ತೆಗೆಯಲಿ, ಆ ಕುರ್ಚಿಯ ಒಂದು ಕಾಲು ಹೇಗೂ ಅಲ್ಲಾಡುತ್ತದೆ ಎಂದೆ. ತಿದ್ದಿಕೊಡಲೇ ಎಂದು ಕೇಳಿದರು. ನೀವು ಮುಟ್ಟಿದರೆ ನೀವೇ ಬರೆಸಿದ್ದು ಎನ್ನುತ್ತಾರೆ, ಮುಟ್ಟಬೇಡಿ ಎಂದೆ. ಕಿಟಕಿಯ ಕಡೆ ತಿರುಗಿಕೊಂಡರು. ನಾನು ಹೊರಗೆ ಬಂದೆ. ದೊಡ್ಡವರು ಅಳುವಾಗ ನಿಂತು ನೋಡಬಾರದು.

೧೧-೩-೨೦೦೭, ಭಾನುವಾರ. ಬೆಳಿಗ್ಗೆ ೯ ಗಂಟೆ

ಮೊದಲು ಇಲ್ಲಿ ಬರೆಯುತ್ತೇನೆ. ಆಮೇಲೆ ಗೆರೆ ಹಾಕಿದ ಹಾಳೆಗೆ.

ಜಿಲ್ಲೆಯ ಶಿಕ್ಷಣದ ದೊಡ್ಡ ಸಾಹೇಬರಿಗೆ,

ಸಣ್ಣಗಜನಿ ಶಾಲೆಯ ಎಸ್.ಡಿ.ಎಂ.ಸಿ. ಸದಸ್ಯೆ ಲಕ್ಕಿ ಕೋಂ ಕುಪ್ಪ ಅಂಬಿಗ ಬರೆಯುವುದು. ಮೂರನೇ ಇಯತ್ತೆ. ತಪ್ಪಿದ್ದರೆ ತಿದ್ದಿಕೊಂಡು ಓದಿ, ಬಿಸಾಡಬೇಡಿ.

ನಾಲ್ಕು ವರ್ಷದಿಂದ ಹೀಗೇ ಎಂದು ನಾನು ಹೇಳಿದ್ದು ನಿಜ. ಸಹಿ ನನ್ನದೇ. ಓದದೆ ಮಾಡಿದೆ. ನಿಧಾನಕ್ಕೆ ಓದುವುದನ್ನು ಸಾಹೇಬರು ಕಂಡರೆ ನಗುತ್ತಾರೆ ಎಂದು ಹೆದರಿದೆ. ಅದು ನನ್ನ ಮೊದಲ ತಪ್ಪು.

ಎರಡನೆಯದು ದೊಡ್ಡದು. ಜನವರಿ ಇಪ್ಪತ್ತಮೂರನೇ ತಾರೀಖು ಮಂಗಳವಾರ ಹತ್ತು ಗಂಟೆಗೆ ನಾಲ್ಕನೇ ತರಗತಿಯ ದಿವ್ಯಶ್ರೀ ಗಣಪ ಅಂಬಿಗ ಶಾಲೆಯಲ್ಲಿ ಇರಲಿಲ್ಲ. ಹೊಳೆಯಲ್ಲಿ ಇದ್ದಳು. ಕರೆದುಕೊಂಡು ಹೋದವಳು ನಾನು, ಅವಳ ಅಜ್ಜಿ. ಅಕ್ಕೋರು ಕಳಿಸಿದ್ದಲ್ಲ. ನಾಲ್ಕು ವರ್ಷದ ಇಳಿತದ ದಿನವೆಲ್ಲ ಹೀಗೇ. ಬೇರೆ ಮನೆಯವರ ಮಾತು ನನ್ನನ್ನು ಕೇಳಬೇಡಿ. ನಾನು ನನ್ನ ಮನೆಯ ಬಾಗಿಲಿಗೆ ಮಾತ್ರ ಉತ್ತರ ಕೊಡುವವಳು. ದಂಡ ಇದ್ದರೆ ನನ್ನ ಹೆಸರಿಗೆ ಹಾಕಿ. ಸಮಿತಿಯಿಂದ ತೆಗೆಯುವುದಾದರೆ ತೆಗೆಯಿರಿ.

ಅಕ್ಕೋರು ಪುಸ್ತಕದಲ್ಲಿ ಬರೆದದ್ದು ತಪ್ಪು. ಅಲ್ಲ ಎಂದು ನಾನು ಹೇಳುವುದಿಲ್ಲ. ಅವರು ಗೈರು ಎಂದು ಬರೆದು ಸುಮ್ಮನೆ ಕೂತಿದ್ದರೆ ಅವರ ಕಾಗದ ಚೊಕ್ಕವಾಗಿರುತ್ತಿತ್ತು, ನಮ್ಮ ಮಕ್ಕಳು ದಡ್ಡರಾಗಿರುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. ಹನ್ನೊಂದೂವರೆಗೆ ಬಂದ ಮಗುವಿಗೂ ಸಂಜೆ ಆರರವರೆಗೆ ಕಲಿಸಿದರು. ಅದಕ್ಕೆ ಸರಕಾರ ಸಂಬಳ ಕೊಟ್ಟಿಲ್ಲ. ಫೆಬ್ರವರಿ ಆರರ ಪರೀಕ್ಷೆಯ ಪೇಪರುಗಳು ನಿಮ್ಮಲ್ಲೇ ಇವೆ. ತೆಗೆದು ನೋಡಿ. ಕಲಿಯದ ಮಕ್ಕಳ ಕೈಯೋ ಅದು, ನೀವೇ ಹೇಳಿ.

ತಪ್ಪಿಗೆ ಎಷ್ಟು ಶಿಕ್ಷೆಯೋ ಅಷ್ಟು ಬರೆಯಿರಿ. ಆದರೆ ಅದೇ ಹಾಳೆಯಲ್ಲಿ ಸಂಜೆ ಆರು ಗಂಟೆಯನ್ನೂ ಬರೆಯಿರಿ. ಕಾಲಂ ಇಲ್ಲದಿದ್ದರೆ ಗೆರೆ ಎಳೆದು ಮಾಡಿ. ಇಳಿತದ ದಿನ ಶಾಲೆಯ ಹೊತ್ತನ್ನು ನೀವೇ ಬದಲಿಸಿ ಕೊಡಬಹುದೋ ಇಲ್ಲವೋ, ಅದನ್ನೂ ತಿಳಿಸಿ. ಕೊಟ್ಟರೆ ಯಾರೂ ಸುಳ್ಳು ಬರೆಯಬೇಕಾಗಿಲ್ಲ. ಕೊಡದಿದ್ದರೂ ನನ್ನ ಮೊಮ್ಮಗಳು ಹತ್ತು ಗಂಟೆಗೆ ಬೆಂಚಿನಲ್ಲಿ ಇರುತ್ತಾಳೆ. ಇದು ನಿಮ್ಮ ಹೆದರಿಕೆಗೆ ಅಲ್ಲ.

ಅಕ್ಕೋರನ್ನು ಇಲ್ಲಿಂದ ತೆಗೆಯಬೇಡಿ. ತೆಗೆಯುತ್ತೀರಾದರೆ ಮೊದಲು ಒಂದು ದಿನ ಬಂದು ಸಂಜೆಯವರೆಗೆ ಕೂತುಕೊಳ್ಳಿ. ಊಟ ನಮ್ಮ ಮನೆಯಲ್ಲಿ.

ಓದಿದೆವು, ನೋಡುತ್ತೇವೆ ಎಂದು ಬರೆಯಬೇಡಿ. ಅವರು ಇರುತ್ತಾರೋ ಇಲ್ಲವೋ, ಅದನ್ನೇ ಬರೆಯಿರಿ. ಏಪ್ರಿಲ್ ಒಂದು ಬರುವುದರೊಳಗೆ ಉತ್ತರ ಕೊಡಿ.